ಸಮಾಧಿ ಎಬ್ಬಿಸುವ ಮನವಿಗೆ ನಾನು ಸಹಿ ಹಾಕಲಿಲ್ಲ

ಪ್ರೀತಿಯ ಅಭಿಮಾನಿ ಗೆಳೆಯರೇ, ಮತ್ತು ಅವರ ಮನವಿ ಕೈಗೆ ಬಂದ ಕೂಡಲೇ ಫೈಲ್ ತೆರೆಯುವ ಅಧಿಕಾರಿಗಳೇ,

ಹೋದ ವಾರ ನಿಮ್ಮ ಮನವಿ ನನಗೂ ಬಂತು. ನಾವೆಲ್ಲ ಕೇಳಿಕೊಂಡು ಬೆಳೆದ ಗಾಯಕರು ಯಾವುದೋ ಮೂಲೆಯ ಸ್ಮಶಾನದಲ್ಲಿ ಮಲಗಿದ್ದಾರೆ. ಸಮಾಧಿಯ ಮೇಲೆ ಒಂದು ಸಣ್ಣ ಕಲ್ಲು ಬಿಟ್ಟರೆ ಬೇರೇನಿಲ್ಲ. ಹತ್ತು ಜನ ಒಟ್ಟಿಗೆ ಹೋದರೆ ನಿಲ್ಲಲು ಜಾಗವಿಲ್ಲ. ಆದ್ದರಿಂದ ಅವರ ಅವಶೇಷಗಳನ್ನು ಹೊರತೆಗೆದು, ಹೆಸರಿಗೆ ತಕ್ಕ ಸ್ಮಾರಕ ಕಟ್ಟಿ, ಅಲ್ಲಿ ಇಡಬೇಕು. ಇಷ್ಟು ವಿಷಯ. ಕೊನೆಯಲ್ಲಿ "ಎರಡು ನಿಮಿಷದ ಕೆಲಸ, ನೀವೂ ಸಹಿ ಹಾಕಿ" ಅಂತ ಇತ್ತು.

ನಾನು ಹಾಕಲಿಲ್ಲ. ಯಾಕೆ ಅಂತ ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಬರೆಯುವ ಬದಲು ಇದೊಂದೇ ಪತ್ರ ಬರೆಯುತ್ತಿದ್ದೇನೆ. ಗಾಯಕರ ಹೆಸರು ಹೇಳುವುದಿಲ್ಲ. ಹೇಳಿದರೆ ಜಗಳವೆಲ್ಲ ಅವರ ಮೇಲೆ ತಿರುಗುತ್ತದೆ, ಅವರ ಮನೆಯವರಿಗೆ ಇನ್ನೊಂದು ಕಿರಿಕಿರಿ. ಅದೂ ಅಲ್ಲದೆ ಇಂಥ ಮನವಿ ಇದೇ ಮೊದಲಲ್ಲ.

ಮನವಿಯನ್ನು ಎರಡು ಸಲ ಓದಿದೆ. ಮೂರು ಪುಟ. ಅವರ ಹಾಡುಗಳು, ಪ್ರಶಸ್ತಿಗಳು, ಅವರಿಗೆ ಆದ ಅನ್ಯಾಯ, ಸ್ಮಾರಕದ ನಕ್ಷೆ, ವಾಹನ ನಿಲ್ಲಿಸುವ ಜಾಗ, ಎಲ್ಲ ಇದೆ. ಅವರ ಹೆಂಡತಿ ಮಕ್ಕಳು ಏನಂದರು ಅನ್ನುವುದು ಮಾತ್ರ ಒಂದು ಸಾಲಿನಲ್ಲೂ ಇಲ್ಲ. ಕೇಳೇ ಇಲ್ವಾ? ಅಥವಾ ಕೇಳಿದಾಗ ಅವರು ಬೇಡ ಅಂದರಾ? ಎರಡರಲ್ಲಿ ಯಾವುದಾದರೂ ಸರಿ, ಮನವಿಯ ಮೊದಲ ಸಾಲಿನಲ್ಲೇ ಬರೆಯಬೇಕಿತ್ತು.

"ಅವಶೇಷಗಳ ಸ್ಥಳಾಂತರ" ಅಂತ ಕಾಗದದಲ್ಲಿ ಬರೆದರೆ ಮನೆ ಸಾಮಾನು ಸಾಗಿಸಿದ ಹಾಗೆ ಕೇಳಿಸುತ್ತದೆ. ನಡೆಯುವುದು ಬೇರೆ. ಮಣ್ಣು ಅಗೆಯಬೇಕು. ವರ್ಷಗಳು ಕಳೆದಿದ್ದರೆ ಮರದ ಪೆಟ್ಟಿಗೆ ಕುಸಿದು ಮಣ್ಣಿನಲ್ಲಿ ಕಲೆತುಹೋಗಿರುತ್ತದೆ. ಉಳಿದಿದ್ದನ್ನು ಕೈಯಲ್ಲೇ ಬಿಡಿಸಿ ಬೇರೆ ಪೆಟ್ಟಿಗೆಗೆ ಹಾಕಬೇಕು. ಪಕ್ಕದ ಸಮಾಧಿಗಳಿಗೆ ಪೆಟ್ಟಾಗಬಾರದು. ಇಂಗ್ಲೆಂಡಿನಲ್ಲಾದರೆ ಇದಕ್ಕೆ ನ್ಯಾಯ ಇಲಾಖೆಯ ಪರವಾನಗಿ ಬೇಕು. ಚರ್ಚಿನವರು ಪವಿತ್ರಗೊಳಿಸಿದ ನೆಲವಾದರೆ ಚರ್ಚಿನ ಅನುಮತಿ ಬೇಕು. ಬೇರೆ ದೇಶಗಳಲ್ಲೂ ಇಂಥದ್ದೇ ಕಟ್ಟುಪಾಡುಗಳಿವೆ. ಒಮ್ಮೆ ಮಣ್ಣು ಮಾಡಿದವರನ್ನು ಮತ್ತೆ ಎಬ್ಬಿಸುವುದು ಸುಲಭ ಆಗಬಾರದು ಅಂತಲೇ ಇವನ್ನೆಲ್ಲ ಮಾಡಿಟ್ಟಿದ್ದಾರೆ.

ಚಿತ್ರಕಾರ ಸಾಲ್ವಡಾರ್ ಡಾಲಿಯ ಸಮಾಧಿಯನ್ನು 2017ರ ಜುಲೈನಲ್ಲಿ ತೆರೆದದ್ದು ನಿಮಗೆ ನೆನಪಿರಬಹುದು. ತಾನು ಅವನ ಮಗಳು ಅಂತ ಒಬ್ಬರು ಕೋರ್ಟಿಗೆ ಹೋಗಿದ್ದರು. ಡಿಎನ್ಎ ಪರೀಕ್ಷೆಯಲ್ಲಿ ಮಗಳಲ್ಲ ಅಂತ ಗೊತ್ತಾಯಿತು. ಆದರೆ ಆ ಫಲಿತಾಂಶಕ್ಕೂ ಮೊದಲು ಊರೂರು ತಿರುಗಿದ ಸುದ್ದಿ ಬೇರೆ. ಸತ್ತು 28 ವರ್ಷವಾದರೂ ಅವನ ಮೀಸೆ ಹಾಗೇ ಇದೆಯಂತೆ, ಗಡಿಯಾರದಲ್ಲಿ ಹತ್ತು ಗಂಟೆ ಹತ್ತು ನಿಮಿಷ ತೋರಿಸುವ ಮುಳ್ಳುಗಳ ಹಾಗೆ. ಓದಿ ನಾನೂ ನಕ್ಕೆ. ಆಮೇಲೆ ನನಗೇ ಒಂಥರಾ ಆಯಿತು. ಅದು ನಮ್ಮಪ್ಪನ ಮುಖವಾಗಿದ್ದರೆ?

ಈಗ ಜಿಮ್ ಥಾರ್ಪ್ ಕತೆ ಹೇಳಬೇಕು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ. ಯಾಕೆಂದರೆ ನಿಮ್ಮ ಮನವಿಯಲ್ಲಿರುವ ಎಲ್ಲ ಆಸೆಗಳೂ ಇದರಲ್ಲಿವೆ. "ಮನೆಯವರನ್ನು ಕೇಳಿ" ಅನ್ನುವ ನನ್ನ ಮಾತು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅನ್ನುವುದೂ ಇದರಲ್ಲೇ ಇದೆ.

ಥಾರ್ಪ್ ಅಮೆರಿಕದ ಸಾಕ್ ಅಂಡ್ ಫಾಕ್ಸ್ ಎಂಬ ಮೂಲನಿವಾಸಿ ಬುಡಕಟ್ಟಿನವನು. ಹುಟ್ಟಿದ್ದು ಈಗಿನ ಒಕ್ಲಹೋಮಾದಲ್ಲಿ. 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಪೆಂಟಾಥ್ಲಾನ್, ಡೆಕಾಥ್ಲಾನ್ ಎರಡರಲ್ಲೂ ಚಿನ್ನ ಗೆದ್ದ. ಹಿಂದೆ ಎಂದೋ ಸಣ್ಣ ಸಂಬಳಕ್ಕೆ ಬೇಸ್‌ಬಾಲ್ ಆಡಿದ್ದ ಅಂತ ಮರುವರ್ಷವೇ ಪದಕ ಕಸಿದುಕೊಂಡರು. ವಾಪಸ್ ಕೊಟ್ಟಿದ್ದು 1982ರಲ್ಲಿ. ಅಷ್ಟು ಹೊತ್ತಿಗೆ ಅವನು ಸತ್ತು 29 ವರ್ಷ ಆಗಿತ್ತು. ಇದು ಪತ್ರದ ವಿಷಯ ಅಲ್ಲ, ಆದರೆ ಬರೆಯದೆ ಇರಲಾಗಲಿಲ್ಲ.

1953ರ ಮಾರ್ಚಿನಲ್ಲಿ ಥಾರ್ಪ್ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ. ದೇಹವನ್ನು ಒಕ್ಲಹೋಮಾಗೆ ತಂದರು. ಬುಡಕಟ್ಟಿನ ಪದ್ಧತಿಯಂತೆ ಕ್ರಿಯೆಗಳು ನಡೆಯುತ್ತಿದ್ದವು. ಅವು ಮುಗಿಯುವ ಮೊದಲೇ ಅವನ ಮೂರನೇ ಹೆಂಡತಿ ಬಂದು ದೇಹವನ್ನು ತೆಗೆದುಕೊಂಡು ಹೋದಳು. ಮಕ್ಕಳು ಅವಳ ಹೊಟ್ಟೆಯಲ್ಲಿ ಹುಟ್ಟಿದವರಲ್ಲ. ಹೆಂಡತಿ ಅನ್ನುವ ಹಕ್ಕು ಕಾಗದದ ಮೇಲೆ ಅವಳದ್ದು. ಒಕ್ಲಹೋಮಾದಲ್ಲಿ ಸ್ಮಾರಕಕ್ಕೆ ಸರ್ಕಾರದ ಹಣ ಸಿಗಲಿಲ್ಲ. ಹೀಗಿರುವಾಗ ಪೆನ್ಸಿಲ್ವೇನಿಯಾದಲ್ಲಿ ಮಾಚ್ ಚಂಕ್, ಈಸ್ಟ್ ಮಾಚ್ ಚಂಕ್ ಅಂತ ಅಕ್ಕಪಕ್ಕದ ಎರಡು ಊರುಗಳ ಸುದ್ದಿ ಅವಳಿಗೆ ತಿಳಿಯಿತು. ಕಲ್ಲಿದ್ದಲಿನ ವ್ಯಾಪಾರ ಬಿದ್ದು ಬಡವಾಗಿದ್ದ ಊರುಗಳು. ಒಪ್ಪಂದ ಆಯಿತು. ದೇಹ ನಿಮಗೆ, ಊರಿಗೆ ಅವನ ಹೆಸರು, ಮೇಲೊಂದು ಸ್ಮಾರಕ. 1954ರಲ್ಲಿ ಎರಡೂ ಊರು ಒಂದಾಗಿ 'ಜಿಮ್ ಥಾರ್ಪ್' ಆದವು. ಥಾರ್ಪ್ ಬದುಕಿದ್ದಾಗ ಆ ಊರಿಗೂ ಅವನಿಗೂ ಏನೇನೂ ಸಂಬಂಧ ಇರಲಿಲ್ಲ.

ಆ ಊರಿನವರನ್ನು ನಾನು ಬೈಯುವುದಿಲ್ಲ. ಅವರು ಸಮಾಧಿ ಕದಿಯಲಿಲ್ಲ. ಕೊಟ್ಟದ್ದನ್ನು ತೆಗೆದುಕೊಂಡರು, ಮಾತಿನಂತೆ ನಡೆದರು, ಚೆನ್ನಾಗಿಯೇ ನೋಡಿಕೊಂಡರು. ಒಕ್ಲಹೋಮಾದ ಮಣ್ಣು ತಂದರು, ಸ್ಟಾಕ್‌ಹೋಮ್ ಕ್ರೀಡಾಂಗಣದ ಮಣ್ಣನ್ನೂ ತಂದು ಅಲ್ಲಿ ಹಾಕಿದರು. ಆದರೆ ಗಂಡುಮಕ್ಕಳಿಗೆ ಸಮಾಧಾನ ಆಗಲಿಲ್ಲ. ಅಪ್ಪನನ್ನು ಅವನ ಜನರ ನಡುವೆ ಮಣ್ಣು ಮಾಡಬೇಕು ಅಂತ ವರ್ಷಗಟ್ಟಲೆ ಕೇಳಿದರು. 2010ರಲ್ಲಿ ಒಬ್ಬ ಮಗ ಕೋರ್ಟಿಗೆ ಹೋದ. ಮೂಲನಿವಾಸಿಗಳ ಅಸ್ಥಿಗಳನ್ನು ಅವರ ಬುಡಕಟ್ಟಿಗೆ ಹಿಂತಿರುಗಿಸಬೇಕು ಅನ್ನುವ 1990ರ ಕಾನೂನನ್ನು ಆಧಾರ ಮಾಡಿಕೊಂಡ. ಮರುವರ್ಷ ಅವನು ಸತ್ತ. ಉಳಿದ ಅಣ್ಣತಮ್ಮಂದಿರು ಮುಂದುವರಿಸಿದರು. 2013ರಲ್ಲಿ ಗೆದ್ದರು. 2014ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ಹೆಂಡತಿ ಒಪ್ಪಿ ಮಾಡಿದ ಸಮಾಧಿ ಇದು, ಈ ಕಾನೂನು ಕುಟುಂಬದ ಒಳಜಗಳಕ್ಕೆ ಮಾಡಿದ್ದಲ್ಲ ಅಂತ ಹೇಳಿತು. 2015ರಲ್ಲಿ ಸುಪ್ರೀಂ ಕೋರ್ಟ್ ಅರ್ಜಿಯನ್ನೇ ಎತ್ತಿಕೊಳ್ಳಲಿಲ್ಲ. ಈ ಮಧ್ಯೆ ಥಾರ್ಪ್‌ನ ಮೊಮ್ಮಕ್ಕಳಲ್ಲೇ ಕೆಲವರು "ಅಜ್ಜ ಇರುವಲ್ಲೇ ಇರಲಿ" ಅಂತ ಊರಿನ ಪರ ನಿಂತಿದ್ದರು.

ಹಾಗಾದರೆ ಮನೆಯವರು ಅಂದರೆ ಯಾರು? ಹೆಂಡತಿಯಾ? ಮಕ್ಕಳಾ? ಮೊಮ್ಮಕ್ಕಳಾ? ಇದಕ್ಕೆ ನನ್ನ ಹತ್ತಿರ ಸಿದ್ಧ ಉತ್ತರ ಇಲ್ಲ. ನನ್ನನ್ನು ಕೇಳಿದರೆ, ಕ್ರಿಯೆ ಅರ್ಧದಲ್ಲಿ ನಿಲ್ಲಿಸಿ ದೇಹ ಎತ್ತಿಕೊಂಡು ಹೋದದ್ದು ತಪ್ಪು, ಅದನ್ನು ಯಾವ ಕಾಗದವೂ ಸರಿ ಮಾಡುವುದಿಲ್ಲ. ಆದರೆ ಅರವತ್ತು ವರ್ಷ ಆದ ಮೇಲೆ ಮತ್ತೆ ಅಗೆಯುವುದು ಸರಿಯಾ? ಅಲ್ಲಿ ನನ್ನ ಮನಸ್ಸು ಅತ್ತಿತ್ತ ಆಗುತ್ತದೆ. ಒಂದು ಮಾತ್ರ ಸ್ಪಷ್ಟ. ಇಷ್ಟು ಹತ್ತಿರದವರಿಗೇ ತೀರ್ಮಾನ ಇಷ್ಟು ಕಷ್ಟವಾದರೆ, ಹಾಡು ಕೇಳಿ ಬೆಳೆದ ನಮಗೆ ಎರಡು ನಿಮಿಷದಲ್ಲಿ ಹೇಗೆ ಗೊತ್ತಾಗುತ್ತದೆ?

"ಹಾಗಾದರೆ ಯಾರೂ ಎಂದೂ ಸಮಾಧಿ ಬದಲಿಸಬಾರದಾ?" ಅಂತ ನೀವು ಕೇಳುತ್ತೀರಿ. ಹಾಗೆ ನಾನು ಹೇಳಿಲ್ಲ. ಅಮೆರಿಕದ ಗಾಯಕ ಎಲ್ವಿಸ್ ಪ್ರೆಸ್ಲಿ 1977ರ ಆಗಸ್ಟ್ 16ರಂದು ಸತ್ತ. ಮೆಂಫಿಸ್‌ನ ಫಾರೆಸ್ಟ್ ಹಿಲ್ ಸ್ಮಶಾನದಲ್ಲಿ ಇಟ್ಟರು. ಎರಡು ವಾರ ಕಳೆಯುವ ಮೊದಲೇ, ದೇಹ ಕದಿಯಲು ಬಂದಿದ್ದರು ಅಂತ ಮೂವರನ್ನು ಪೊಲೀಸರು ಹಿಡಿದರು. ಆ ಕೇಸು ಮುಂದೆ ನಿಲ್ಲಲಿಲ್ಲ, ಅದು ಬೇರೆ ಮಾತು. ಆದರೆ ಅಪ್ಪ ವೆರ್ನನ್ ಹೆದರಿದ. ಸ್ಮಶಾನಕ್ಕೆ ಬರುವ ಜನರ ಗದ್ದಲವೂ ಕಡಿಮೆ ಇರಲಿಲ್ಲ. ಊರಿನ ಆಡಳಿತದಿಂದ ಅನುಮತಿ ಪಡೆದು ಅಕ್ಟೋಬರ್ 2ರಂದು ಮಗನನ್ನು ಸ್ವಂತ ಮನೆ ಗ್ರೇಸ್‌ಲ್ಯಾಂಡಿನ ಅಂಗಳಕ್ಕೆ ತಂದ. ಜತೆಗೆ 1958ರಲ್ಲೇ ತೀರಿಕೊಂಡಿದ್ದ ಎಲ್ವಿಸ್‌ನ ತಾಯಿಯನ್ನೂ ತಂದ. ಈಗ ಅಪ್ಪ, ಅಜ್ಜಿ, ಮಗಳು, ಮೊಮ್ಮಗ ಎಲ್ಲರೂ ಅಲ್ಲೇ ಇದ್ದಾರೆ. ಅಭಿಮಾನಿಗಳು ಹೋಗುತ್ತಾರೆ, ಹೂ ಇಡುತ್ತಾರೆ. ಯಾರಿಗೂ ತಕರಾರಿಲ್ಲ. ಹೆದರಿದ್ದು ಅಪ್ಪ, ತೀರ್ಮಾನಿಸಿದ್ದೂ ಅಪ್ಪ.

ಅವನ ಭಯ ಸುಳ್ಳೇನೂ ಅಲ್ಲ ಅಂತ ಕೆಲವೇ ತಿಂಗಳಲ್ಲಿ ಗೊತ್ತಾಯಿತು. ಚಾರ್ಲಿ ಚಾಪ್ಲಿನ್ 1977ರ ಕ್ರಿಸ್‌ಮಸ್ ದಿನ ಸತ್ತ. ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯಲ್ಲಿ ಸಮಾಧಿ. 1978ರ ಮಾರ್ಚಿನಲ್ಲಿ ಇಬ್ಬರು ಪೆಟ್ಟಿಗೆ ಸಮೇತ ಕದ್ದೊಯ್ದು ಹಣಕ್ಕಾಗಿ ಫೋನ್ ಮಾಡಿದರು. ಹೆಂಡತಿ ಊನಾ ಒಂದು ಕಾಸೂ ಕೊಡಲ್ಲ ಅಂದಳು. ಮೇ ತಿಂಗಳಲ್ಲಿ ಪೆಟ್ಟಿಗೆ ಒಂದು ಹೊಲದಲ್ಲಿ ಸಿಕ್ಕಿತು. ತಂದು ಮೊದಲಿನ ಜಾಗದಲ್ಲೇ ಇಟ್ಟು ಮೇಲೆ ಕಾಂಕ್ರೀಟು ಸುರಿದರು. ಬೇರೆ ಕಡೆಗೆ ಸಾಗಿಸಲಿಲ್ಲ. ಒಂದೇ ಥರದ ಭಯ, ಎರಡು ಮನೆಗಳಲ್ಲಿ ಎರಡು ಥರದ ತೀರ್ಮಾನ. ಎರಡೂ ಸರಿ ಅಂತಲೇ ನನಗೆ ಅನಿಸುತ್ತದೆ.

ನನಗೆ ಬಹಳ ಇಷ್ಟವಾದದ್ದು ಡೊರೊತಿ ಪಾರ್ಕರ್ ಮನೆಯವರು ಮಾಡಿದ್ದು. ಈಕೆ ಅಮೆರಿಕದ ಬರಹಗಾರ್ತಿ, ಚುರುಕು ನಾಲಿಗೆಯವಳು. 1967ರಲ್ಲಿ ಸತ್ತಾಗ ತನ್ನ ಆಸ್ತಿಯನ್ನು ಮಾರ್ಟಿನ್ ಲೂಥರ್ ಕಿಂಗ್‌ಗೆ, ಅವರ ನಂತರ ಕರಿಯರ ಹಕ್ಕುಗಳಿಗೆ ಹೋರಾಡುವ ಸಂಘಕ್ಕೆ ಬರೆದಿದ್ದಳು. ಬೂದಿ ಏನು ಮಾಡಬೇಕು ಅಂತ ಬರೆದಿರಲಿಲ್ಲ. ಯಾರೂ ತೆಗೆದುಕೊಂಡು ಹೋಗಲಿಲ್ಲ. ಕೊನೆಗೆ ಅದು ನ್ಯೂಯಾರ್ಕಿನ ಒಂದು ವಕೀಲರ ಕಚೇರಿಯ ಕಪಾಟಿನಲ್ಲಿ, ಫೈಲುಗಳ ನಡುವೆ, ಸುಮಾರು 15 ವರ್ಷ ಕೂತಿತ್ತು! 1988ರಲ್ಲಿ ಆ ಸಂಘದವರು ಬಾಲ್ಟಿಮೋರ್‌ನ ತಮ್ಮ ಕಚೇರಿಯ ತೋಟದಲ್ಲಿ ಗೌರವದಿಂದ ಹೂಳಿದರು. ಮುಂದೆ ಸಂಘ ಕಚೇರಿ ಬದಲಿಸಿತು. ಆಗ ಅವಳ ಸಂಬಂಧಿಕರು 2020ರ ಆಗಸ್ಟ್ 22ರಂದು, ಅವಳ ಹುಟ್ಟುಹಬ್ಬದ ದಿನ, ಬೂದಿಯನ್ನು ನ್ಯೂಯಾರ್ಕಿನ ವುಡ್‌ಲಾನ್ ಸ್ಮಶಾನಕ್ಕೆ ತಂದು ಅವಳ ಅಪ್ಪ ಅಮ್ಮನ ಪಕ್ಕ ಇಟ್ಟರು. ಯಾವ ಘೋಷಣೆಯೂ ಕೂಗಲಿಲ್ಲ. ಕಾರಣ ಇತ್ತು, ಹೋಗಬೇಕಾದ ಜಾಗ ಇತ್ತು, ಕರೆದುಕೊಂಡು ಹೋಗುವವರು ಇದ್ದರು.

ಸತ್ತವರೇ ಹೇಳಿದ್ದರೆ ಸರಿ ಅಲ್ವಾ ಅಂತ ಒಬ್ಬ ಗೆಳತಿ ಕೇಳಿದಳು. ಸರಿಯೇ. ಆದರೆ ಹೇಳಿದ್ದು ಎಲ್ಲಿದೆ ಅಂತ ನೋಡಬೇಕು. ಮತ್ತೆ ಡಾಲಿಯನ್ನೇ ತೆಗೆದುಕೊಳ್ಳಿ. ಪೂಬೊಲ್ ಎಂಬಲ್ಲಿ ಅವನ ಹೆಂಡತಿ ಗಾಲಾಳ ಸಮಾಧಿಯ ಪಕ್ಕದಲ್ಲೇ ಅವನಿಗೂ ಜಾಗ ಸಿದ್ಧವಿತ್ತು. ಕೊನೆಗಾಲದಲ್ಲಿ ಅವನು ತನ್ನ ಕಿವಿಯಲ್ಲಿ ಬೇರೆ ಮಾತು ಹೇಳಿದ ಅಂತ ಫಿಗೇರಾಸ್ ಊರಿನ ಮೇಯರ್ ಹೇಳಿದರು. ಅವನನ್ನು ಅವರ ಊರಿನ ಮ್ಯೂಸಿಯಂನಲ್ಲೇ ಹೂಳಿದರು. ಮ್ಯೂಸಿಯಂಗೆ ಜನ ಬರುತ್ತಾರೆ, ಊರಿಗೆ ಲಾಭ. ಮೇಯರ್ ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಆದರೆ ಕಿವಿಯಲ್ಲಿ ಹೇಳಿದ ಮಾತು ಲಾಭ ಬರುವವರ ಕಿವಿಗೇ ಬಿದ್ದಿದ್ದರೆ ನಾನು ಎರಡು ಸಲ ಯೋಚಿಸುತ್ತೇನೆ. ಪೂಬೊಲ್‌ನಲ್ಲಿ ಗಾಲಾ ಇವತ್ತಿಗೂ ಒಬ್ಬಳೇ.

ಕವಿ ಯೇಟ್ಸ್ ಮಾತ್ರ ಬಾಯಿಬಿಟ್ಟೇ ಹೇಳಿದ್ದ. ಫ್ರಾನ್ಸಿನಲ್ಲಿ ಸತ್ತರೆ ಇಲ್ಲೇ ಹೂಳಿ, ಪತ್ರಿಕೆಗಳೆಲ್ಲ ನನ್ನನ್ನು ಮರೆತ ಮೇಲೆ, ಒಂದು ವರ್ಷ ಬಿಟ್ಟು, ಅಗೆದು ಐರ್ಲೆಂಡಿನ ಸ್ಲೈಗೋಗೆ ಒಯ್ಯಿರಿ ಅಂತ. ಸತ್ತದ್ದು 1939ರ ಜನವರಿಯಲ್ಲಿ. ಒಂದು ವರ್ಷ ಬಿಡುವಷ್ಟರಲ್ಲಿ ಮಹಾಯುದ್ಧ ಶುರುವಾಯಿತು. ಕೊನೆಗೆ ಐರಿಶ್ ನೌಕಾಪಡೆಯ ಹಡಗು ಪೆಟ್ಟಿಗೆ ತಂದದ್ದು 1948ರಲ್ಲಿ. ಅಷ್ಟರಲ್ಲಿ ಅಲ್ಲಿನ ಸಮಾಧಿ ತೆಗೆದು ಎಲುಬುಗಳನ್ನು ಇತರರ ಎಲುಬುಗಳ ಜತೆ ಸೇರಿಸಿಬಿಟ್ಟಿದ್ದರು. ತಂದದ್ದು ಅವನದ್ದೇನಾ ಅನ್ನುವ ಅನುಮಾನ ಇವತ್ತಿಗೂ ಹೋಗಿಲ್ಲ. ಮಕ್ಕಳು ಮಾತ್ರ ಅಲ್ಲಿರುವುದು ನಮ್ಮಪ್ಪನೇ ಅಂತ ಗಟ್ಟಿಯಾಗಿ ಹೇಳಿದರು. ನನಗೆ ಅಷ್ಟು ಸಾಕು. ಡಿಎನ್ಎ ಮಾಡಿಸಿ ಅಂತ ಯಾರಾದರೂ ಮನವಿ ಕಳಿಸಿದರೆ ಅದಕ್ಕೂ ನನ್ನ ಸಹಿ ಇಲ್ಲ.

ಇನ್ನು ಅಧಿಕಾರಿಗಳಿಗೆ. ನಿಮ್ಮ ಉದ್ದೇಶ ಗೌರವ ಕೊಡುವುದು ಅಂತ ನಂಬುತ್ತೇನೆ. ಆದರೆ ದೊಡ್ಡವರ ಸಮಾಧಿ ನಮ್ಮ ಕೈಯಲ್ಲಿರಲಿ ಅನ್ನುವ ಆಸೆ ಸರ್ಕಾರಗಳಿಗೆ ಮೊದಲಿಂದಲೂ ಇದೆ. 2009ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿ, ಲೇಖಕ ಆಲ್ಬರ್ಟ್ ಕಮೂನನ್ನು ಲೂರ್ಮರಾ ಹಳ್ಳಿಯ ಸ್ಮಶಾನದಿಂದ ಪ್ಯಾರಿಸ್‌ನ ಪ್ಯಾಂಥಿಯನ್‌ಗೆ ಸಾಗಿಸೋಣ ಅಂದರು. ದೇಶದ ಮಹನೀಯರನ್ನು ಗೌರವದಿಂದ ಇಡುವ ಜಾಗ ಅದು. ಮಗ ಒಪ್ಪಲಿಲ್ಲ. ಅಲ್ಲಿಗೆ ಮುಗಿಯಿತು, ಕಮೂ ಹಳ್ಳಿಯಲ್ಲೇ ಉಳಿದ. ದೇಶದ ಅಧ್ಯಕ್ಷ ಕೇಳಿದ, ಮಗ ಇಲ್ಲ ಅಂದ, ಅಧ್ಯಕ್ಷ ಸುಮ್ಮನಾದ. 2015ರಲ್ಲಿ ರಷ್ಯಾದ ಸಂಸ್ಕೃತಿ ಸಚಿವರು ಸಂಗೀತಗಾರ ರಾಖ್ಮನಿನೋವ್‌ನ ದೇಹವನ್ನು ಅಮೆರಿಕದಿಂದ ತರಬೇಕು ಅಂದರು. ವಂಶದವರು ಬೇಡ ಅಂದರು. ಅವನು ಹೆಂಡತಿ, ಮಗಳ ಜತೆ ಅಲ್ಲೇ ಇದ್ದಾನೆ.

ಬೇಡ ಅಂದಾಗ ಮಾತ್ರ ಅಲ್ಲ, ಬೇಕು ಅಂದಾಗಲೂ ಕೇಳಬೇಕಲ್ವಾ? ಟೋಕಿಯೋದ ರೆಂಕೋಜಿ ದೇವಾಲಯದಲ್ಲಿರುವ ಚಿತಾಭಸ್ಮ ನನ್ನ ತಂದೆಯದು, ಅದನ್ನು ಭಾರತಕ್ಕೆ ತನ್ನಿ ಅಂತ ಸುಭಾಷ್ ಚಂದ್ರ ಬೋಸರ ಮಗಳು ಅನಿತಾ ಬೋಸ್ ಫಾಫ್ ಮತ್ತೆ ಮತ್ತೆ ಕೇಳಿದ್ದಾರೆ. ಬೋಸರ ಕುಟುಂಬದಲ್ಲೇ ಕೆಲವರು ಅದು ನೇತಾಜಿಯದಲ್ಲ ಅನ್ನುತ್ತಾರೆ. ವಿಮಾನ ಅಪಘಾತ ಆಯಿತೋ ಇಲ್ಲವೋ ಅನ್ನುವ ವಾದದ ಗದ್ದಲದಲ್ಲಿ, ಇದ್ದ ಒಬ್ಬಳೇ ಮಗಳ ಮಾತು ಯಾರ ಕಿವಿಗೂ ಬೀಳುತ್ತಿಲ್ಲ. ಆಕೆ ಹುಟ್ಟಿದ್ದು 1942ರಲ್ಲಿ. ವಯಸ್ಸು ನೀವೇ ಲೆಕ್ಕ ಹಾಕಿ.

ಫ್ರಾಂಕೋ ಹೆಸರು ತೆಗೆದು ನನ್ನ ಬಾಯಿ ಮುಚ್ಚಿಸಲು ನಿಮ್ಮಲ್ಲಿ ಯಾರಾದರೂ ನೋಡುತ್ತೀರಿ ಅಂತ ಗೊತ್ತು. ಹೌದು, ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋನ ಸಮಾಧಿಯನ್ನು 2019ರ ಅಕ್ಟೋಬರ್ 24ರಂದು ಅವನ ಮೊಮ್ಮಕ್ಕಳ ವಿರೋಧದ ನಡುವೆಯೇ ತೆಗೆದರು. ನಾನು ಅದನ್ನು ಒಪ್ಪುತ್ತೇನೆ. ಅವನಿದ್ದ ಆ ಕಣಿವೆಯ ಸ್ಮಾರಕದಲ್ಲಿ ಅಂತರ್ಯುದ್ಧದಲ್ಲಿ ಸತ್ತ 33,000ಕ್ಕೂ ಜಾಸ್ತಿ ಜನರ ಎಲುಬುಗಳಿವೆ. ಅವರಲ್ಲಿ ಎಷ್ಟೋ ಜನರನ್ನು ಬೇರೆ ಕಡೆಯ ಗುಂಡಿಗಳಿಂದ ಅಗೆದು, ಅವರ ಮನೆಯವರಿಗೆ ಒಂದು ಮಾತೂ ಹೇಳದೆ ಅಲ್ಲಿಗೆ ತಂದು ಹಾಕಿದ್ದರು. ಕೇಳದೆ ಸಾಗಿಸಿದ್ದು ಮೊದಲು ಅವನ ಆಡಳಿತವೇ. ಅಷ್ಟಾದರೂ ಅವನನ್ನು ತೆಗೆಯುವಾಗ ಸರ್ಕಾರ ಸುಪ್ರೀಂ ಕೋರ್ಟಿನ ತೀರ್ಪು ಬರುವ ತನಕ ಕಾಯಿತು. ಪೆಟ್ಟಿಗೆ ಹೊರಗೆ ಹೊತ್ತು ತಂದವರು ಅವನ ಮನೆಯವರೇ. ಅವನ ಹೆಂಡತಿ ಇದ್ದ ಸ್ಮಶಾನದಲ್ಲೇ ಇಟ್ಟರು. ನಮ್ಮ ಗಾಯಕರು ಯಾರಿಗೂ ಹೀಗೆ ಮಾಡಿದವರಲ್ಲ.

ಸ್ಮಾರಕ ಬೇಕು ಅನ್ನುವುದರಲ್ಲಿ ನನಗೇನೂ ಜಗಳ ಇಲ್ಲ. ಸ್ಮಾರಕಕ್ಕೆ ಎಲುಬು ಬೇಕೇ ಬೇಕಾ ಅನ್ನುವುದು ನನ್ನ ಪ್ರಶ್ನೆ. ಹಾಡುಗಾರ್ತಿ, ನರ್ತಕಿ ಜೋಸೆಫಿನ್ ಬೇಕರ್ 1975ರಲ್ಲಿ ಪ್ಯಾರಿಸ್‌ನಲ್ಲಿ ಸತ್ತಳು, ಮೊನಾಕೋದಲ್ಲಿ ಸಮಾಧಿ. 2021ರ ನವೆಂಬರ್ 30ರಂದು ಅವಳಿಗೆ ಪ್ಯಾಂಥಿಯನ್ ಗೌರವ ಸಿಕ್ಕಿತು. ದೇಹ ಮೊನಾಕೋದಲ್ಲೇ ಇರಲಿ ಅಂತ ಮನೆಯವರು ಕೇಳಿಕೊಂಡರು. ಸರಿ ಅಂತ, ಅವಳು ಬದುಕಿದ ನಾಲ್ಕು ಜಾಗಗಳ ಮಣ್ಣನ್ನು ಪೆಟ್ಟಿಗೆಯಲ್ಲಿಟ್ಟು ಪೂರ್ತಿ ಸೇನಾ ಗೌರವದೊಂದಿಗೆ ತಂದಿಟ್ಟರು. ಅವಳು ಹುಟ್ಟಿದ ಸೇಂಟ್ ಲೂಯಿಸ್, ಕುಣಿದ ಪ್ಯಾರಿಸ್, ಮಕ್ಕಳನ್ನು ಸಾಕಿದ ಮಿಲಾಂಡ್, ಮಲಗಿದ ಮೊನಾಕೋ. ಅವತ್ತು ಯಾರಿಗೂ ಏನೂ ಕಡಿಮೆಯಾಯಿತು ಅನಿಸಲಿಲ್ಲ.

ಮಹಾಕವಿ ದಾಂತೆಯದಂತೂ ಇನ್ನೂ ಹಳೆಯ ಕತೆ. ಅವನನ್ನು ಫ್ಲಾರೆನ್ಸ್ ಗಡೀಪಾರು ಮಾಡಿತು. ಅವನು 1321ರಲ್ಲಿ ರವೆನ್ನಾದಲ್ಲಿ ಸತ್ತ. ಆಮೇಲೆ ಫ್ಲಾರೆನ್ಸಿಗೆ ಅವನು ಬೇಕಾದ. 1519ರಲ್ಲಿ ಪೋಪ್ ಕೂಡ ಒಪ್ಪಿಗೆ ಕೊಟ್ಟರು. ಆ ಮನವಿಗೆ ಮೈಕೆಲೇಂಜೆಲೋನ ಸಹಿಯೂ ಇತ್ತು. (ನೋಡಿ, ಸಹಿ ಹಾಕುವ ಆತುರ ಎಂಥವರನ್ನೂ ಬಿಟ್ಟಿಲ್ಲ.) ಹೋಗಿ ತೆರೆದರೆ ಸಮಾಧಿ ಖಾಲಿ! ಅಲ್ಲಿನ ಸನ್ಯಾಸಿಗಳು ಎಲುಬುಗಳನ್ನು ಬಚ್ಚಿಟ್ಟಿದ್ದರು. ಅವು ಎಲ್ಲಿವೆ ಅನ್ನುವುದೇ ಮರೆತುಹೋಗಿ, 1865ರಲ್ಲಿ ಗೋಡೆ ಒಡೆಯುವಾಗ ಒಂದು ಪೆಟ್ಟಿಗೆಯಲ್ಲಿ ಸಿಕ್ಕವು. ಫ್ಲಾರೆನ್ಸ್‌ನ ಸಾಂತಾ ಕ್ರೋಚೆ ಚರ್ಚಿನಲ್ಲಿ ದಾಂತೆಗೆ ಕಟ್ಟಿದ ಭಾರೀ ಸಮಾಧಿ ಇವತ್ತಿಗೂ ಖಾಲಿ. ಪ್ರತಿ ಸೆಪ್ಟೆಂಬರ್‌ನಲ್ಲಿ ರವೆನ್ನಾದ ಸಮಾಧಿಯ ದೀಪಕ್ಕೆ ಫ್ಲಾರೆನ್ಸಿನವರು ಎಣ್ಣೆ ಕೊಂಡುಹೋಗುತ್ತಾರೆ.

ದೊಡ್ಡ ಜಾಗ, ದೊಡ್ಡ ಜನಸಂದಣಿ ಅಂದರೆ ಏನು ಅಂತಲೂ ಸ್ವಲ್ಪ ಯೋಚಿಸಿ. ಪ್ಯಾರಿಸ್‌ನ ಪೇರ್ ಲಾಶೇಸ್ ಸ್ಮಶಾನಕ್ಕೆ ಲೇಖಕ ಆಸ್ಕರ್ ವೈಲ್ಡ್‌ನ ದೇಹವನ್ನು 1909ರಲ್ಲಿ ಬೇರೆ ಸ್ಮಶಾನದಿಂದ ತಂದರು. ಅಭಿಮಾನಿಗಳು ಲಿಪ್‌ಸ್ಟಿಕ್ ಹಚ್ಚಿ ಆ ಕಲ್ಲಿಗೆ ಮುತ್ತು ಕೊಟ್ಟು ಕೊಟ್ಟು, ಬಣ್ಣದ ಜಿಡ್ಡು ಇಳಿದು ಕಲ್ಲೇ ಹಾಳಾಯಿತು. 2011ರಲ್ಲಿ ಸುತ್ತ ಗಾಜು ಹಾಕಬೇಕಾಯಿತು. ಅದೇ ಸ್ಮಶಾನದಲ್ಲಿ ಅಮೆರಿಕದ ರಾಕ್ ಗಾಯಕ ಜಿಮ್ ಮಾರಿಸನ್ ಇದ್ದಾನೆ. ಅವನ ಸಮಾಧಿಗೆ ದಾರಿ ಇತ್ತ ಅಂತ ಅಭಿಮಾನಿಗಳು ಬೇರೆಯವರ ಗೋರಿಗಳ ಮೇಲೆ ಬಾಣದ ಗುರುತು ಗೀಚಿದರು. ಆ ಗೋರಿಗಳಲ್ಲಿರುವವರಿಗೂ ಮನೆಯವರಿರುತ್ತಾರೆ ಅನ್ನುವುದು ಯಾರಿಗೂ ಹೊಳೆದಂತಿಲ್ಲ. ಬ್ರಿಟನ್ನಿನ ರಾಜಕುಮಾರಿ ಡಯಾನಾಳನ್ನು ಊರಿನ ಚರ್ಚಿನಲ್ಲಿ ಅವಳ ವಂಶದವರ ಪಕ್ಕ ಇಡುವುದು ಬಿಟ್ಟು ಕೆರೆಯ ನಡುವಿನ ದ್ವೀಪದಲ್ಲಿ ಮಣ್ಣು ಮಾಡಿದ್ದು ಇಂಥ ಗದ್ದಲಕ್ಕೆ ಹೆದರಿಯೇ. ಐನ್‌ಸ್ಟೈನ್ ಇನ್ನೂ ಜಾಣ. ಸಮಾಧಿಯೇ ಬೇಡ ಅಂದ. ಬೂದಿಯನ್ನು ಎಲ್ಲಿ ಚೆಲ್ಲಿದರು ಅಂತ ಯಾರಿಗೂ ಹೇಳಲಿಲ್ಲ. ಪಾಪ, ಅವನ ಮೆದುಳನ್ನು ಮಾತ್ರ ಒಬ್ಬ ಡಾಕ್ಟರು ಮೊದಲೇ ಕೇಳದೆ ತೆಗೆದಿಟ್ಟುಕೊಂಡಿದ್ದ.

ಹಾಗಂತ ಇದ್ದ ಜಾಗದಲ್ಲೇ ಬಿಟ್ಟರೆ ಸಮಾಧಿ ಶಾಶ್ವತ ಅಂತ ಸುಳ್ಳು ಹೇಳುವುದಿಲ್ಲ. ಮುಂಬೈನ ಜುಹು ಖಬರಸ್ತಾನದಲ್ಲಿ ಮೊಹಮ್ಮದ್ ರಫಿ, ಮಧುಬಾಲಾ ಇಬ್ಬರ ಗೋರಿಗಳೂ ಇದ್ದವು. 2010ರಲ್ಲಿ ಹೊಸದಾಗಿ ಸತ್ತವರಿಗೆ ಜಾಗ ಬೇಕು ಅಂತ ಹಳೆಯ ಗೋರಿಗಳನ್ನು ತೆರವು ಮಾಡಿದರು. ಅವೂ ಹೋದವು. ರಫಿ ಅಭಿಮಾನಿಗಳು ಈಗ ಹತ್ತಿರದ ಒಂದು ತೆಂಗಿನ ಮರದ ಗುರುತು ಹಿಡಿದು ಅಲ್ಲಿ ನಿಲ್ಲುತ್ತಾರೆ. ಓದಿದಾಗ ನನಗೂ ಹೊಟ್ಟೆ ಉರಿಯಿತು. ಆದರೆ ಬಡವರನ್ನೂ ಅದೇ ನೆಲದಲ್ಲಿ, ಅದೇ ನಿಯಮದಲ್ಲಿ ಮಣ್ಣು ಮಾಡುತ್ತಾರೆ. ರಫಿಗೆ ಮಾತ್ರ ಬೇರೆ ನಿಯಮ ಬೇಕು ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಗಾಯಕರ ಮನೆಯವರೇ, ಈ ಪತ್ರ ನಿಮ್ಮ ಕೈಗೂ ಸಿಗಬಹುದು. ನಿಮಗೆ ಬುದ್ಧಿ ಹೇಳುವಷ್ಟು ದೊಡ್ಡವನಲ್ಲ ನಾನು. ಒಂದೇ ಕೋರಿಕೆ. ಏನು ತೀರ್ಮಾನ ಇದ್ದರೂ ನಿಮ್ಮ ನಿಮ್ಮಲ್ಲಿ ಮೊದಲು ಮಾತಾಡಿ, ಬರೆದಿಡಿ, ಎಲ್ಲರೂ ಸಹಿ ಹಾಕಿ. ಇಲ್ಲದಿದ್ದರೆ ನಿಮ್ಮಲ್ಲಿ ಯಾರೋ ಒಬ್ಬರನ್ನು ಹಿಡಿದುಕೊಂಡು ಬಂದು, ಮನೆಯವರೇ ಒಪ್ಪಿದ್ದಾರೆ ಅನ್ನುವವರು ಬಂದೇ ಬರುತ್ತಾರೆ. ಕಾರಣ ಹೇಳಬೇಕಾಗಿಲ್ಲ. ಬೇಡ ಅನ್ನುವುದಕ್ಕೆ ಕಾರಣ ಕೇಳುವ ಹಕ್ಕು ನಮಗಿಲ್ಲ.

ಅಧಿಕಾರಿಗಳೇ, ನೀವು ಫೈಲ್ ತೆರೆಯುವ ಮೊದಲು ಆ ಮನೆಗೆ ಒಬ್ಬರನ್ನು ಕಳಿಸಿ. ಕ್ಯಾಮೆರಾ ಬೇಡ, ಪತ್ರಿಕಾ ಹೇಳಿಕೆ ಬೇಡ. ಅವರು ಬೇಡ ಅಂದರೆ ಫೈಲ್ ಮುಚ್ಚಿ. ಅವರು ಒಬ್ಬರಿಗೊಬ್ಬರು ಒಪ್ಪದಿದ್ದರೂ ಮುಚ್ಚಿ. ಅವರು ಒಂದಾಗಿ ಬಂದು ಕೇಳುವ ತನಕ ಆ ಮಣ್ಣಿಗೆ ಗುದ್ದಲಿ ತಾಗದಿರಲಿ.

ಗೆಳೆಯರೇ, ಆ ಸಮಾಧಿಯ ದಾರಿಯ ವಿಷಯ ನೀವು ಬರೆದದ್ದು ನಿಜ. ಮಳೆ ಬಂದರೆ ಕಾಲಿಡಲಾಗುವುದಿಲ್ಲ. ಕಲ್ಲಿನ ಮೇಲಿನ ಅಕ್ಷರಗಳೂ ಮಾಸಿವೆ. ದಾರಿ ಸರಿ ಮಾಡಿಸಿ ಅಂತ, ಮನೆಯವರು ಒಪ್ಪಿದರೆ ಅಕ್ಷರಗಳನ್ನು ಮತ್ತೆ ಕೆತ್ತಿಸೋಣ ಅಂತ ಒಂದು ಮನವಿ ಬರೆಯಿರಿ. ಅದಕ್ಕೆ ಮೊದಲ ಸಹಿ ನನ್ನದು, ದುಡ್ಡೂ ಹಾಕುತ್ತೇನೆ.

ಇಂತಿ,
ನಿಮ್ಮಂತೆಯೇ ಅವರ ಹಾಡು ಕೇಳಿ ಬೆಳೆದವನು